ಪರವಾಗಿಲ್ಲ ಎಂಬ ಮಾತು

ನಮ್ಮತ್ತೆಗೆ ಮಂಡಿನೋವು ಶುರುವಾದದ್ದು ಐವತ್ತೈದು ದಾಟಿದ ಮೇಲೆ. ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದರೆ ಮತ್ತೆ ಏಳುವುದಕ್ಕೆ ಬಾಗಿಲ ಚೌಕಟ್ಟೇ ಆಸರೆ. ಡಾಕ್ಟರು ನೋಡಿ, ಮೂಳೆ ಸವೆತ ಎಂದು ಹೇಳಿ, ಹದಿನೈದು ದಿನಕ್ಕೆ ಡೈಕ್ಲೊಫೆನಾಕ್ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೇ ಅತ್ತೆ ಮಹಡಿ ಹತ್ತಿ ಹಪ್ಪಳ ಒಣಹಾಕಿ ಬಂದರು! ಹದಿನೈದು ದಿನದ ಚೀಟಿ ಎರಡು ವರ್ಷ ನಡೆಯಿತು. ಔಷಧಿ ಅಂಗಡಿಯಲ್ಲಿ ಚೀಟಿ ಕೇಳುವವರೂ ಇರಲಿಲ್ಲ. "ಹೇಗಿದೆ ಅತ್ತೆ?" ಎಂದರೆ "ಪರವಾಗಿಲ್ಲ ಕಣೇ" ಎನ್ನುತ್ತಿದ್ದರು.

1996ರ ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಡಿಸಿ ಉಳಿಸಿಕೊಂಡೆವು. ಆಸ್ಪತ್ರೆಯ ಮಂಚದ ಮೇಲೆ ಮೆಲ್ಲಗೆ ಹೇಳಿದರು: "ಹೊಟ್ಟೆ ಉರಿ ಆರು ತಿಂಗಳಿಂದ ಇತ್ತು. ಹೇಳಿದ್ರೆ ನೀವು ಮಾತ್ರೆ ನಿಲ್ಲಿಸಿಬಿಡ್ತಿದ್ರಿ."

ಅಂದಿನಿಂದ ಈ ಮಾತ್ರೆಗಳ ಚರಿತ್ರೆ ಹುಡುಕಿ ಓದುವುದು ನನಗೊಂದು ಹಟವಾಯಿತು.

1763ರಲ್ಲಿ ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲೋ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ ಸುಮಾರು 50 ಮಂದಿ ಜ್ವರಪೀಡಿತರಿಗೆ ಕೊಟ್ಟು, ಕಂಡ ಗುಣವನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಆ ತೊಗಟೆಯ ಜಾಡು ಹಿಡಿದೇ ಸ್ಯಾಲಿಸಿಲಿಕ್ ಆಮ್ಲ ಬಂತು. ಅದು ಕೀಲುನೋವಿಗೆ ಹಿತ, ಹೊಟ್ಟೆಗೆ ಅಹಿತ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದನ್ನು ಕೊಂಚ ಮಾರ್ಪಡಿಸಿದ. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂಬ ಹೆಸರಾಯಿತು. ಕೀಲುನೋವಿನ ತಂದೆಗೆ ಹಳೆಯ ಮದ್ದು ಒಗ್ಗದ್ದನ್ನು ನೋಡಲಾರದೆ ಮಗ ಈ ಕೆಲಸಕ್ಕೆ ಇಳಿದನೆಂದು ಒಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ ಎಂದು ಪಂಡಿತರು ಈಗಲೂ ವಾದಿಸುತ್ತಾರೆ. ಹೊಟ್ಟೆಯ ಕಾಟವಂತೂ ನಿಜ. ಆಸ್ಪಿರಿನ್ ಬಂದರೂ ಅದು ತಪ್ಪಲಿಲ್ಲ. 1960ರ ದಶಕದ ಐಬುಪ್ರೊಫೆನ್, 70ರ ದಶಕದ ಡೈಕ್ಲೊಫೆನಾಕ್ ಬಂದಾಗಲೂ ತಪ್ಪಲಿಲ್ಲ.

ಏಕೆ ಎಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಬಿಡಿಸಿ ತೋರಿಸಿದರು. ನಮ್ಮ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟುತ್ತವೆ. ಕೀಲಿನಲ್ಲಿ ಊತ, ನೋವು ತರುವುದರಲ್ಲೂ ಅವುಗಳ ಕೈಯಿದೆ, ಹೊಟ್ಟೆಯ ಒಳಪದರವನ್ನು ಕಾಯುವುದರಲ್ಲೂ ಇದೆ. ಮಾತ್ರೆ ಅವು ಹುಟ್ಟುವುದನ್ನೇ ತಡೆಯುತ್ತದೆ. ಒಂದು ಕಡೆ ಸುಖ, ಇನ್ನೊಂದು ಕಡೆ ದುಃಖ. 1982ರಲ್ಲಿ ವೇನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಹೊಟ್ಟೆಯನ್ನು ನೋಯಿಸದ ಮಾತ್ರೆ ಬೇಕೆಂದು ಹೊರಟವರು 1999ರಲ್ಲಿ ರೋಫೆಕಾಕ್ಸಿಬ್ ತಂದರು. ಲಕ್ಷಾಂತರ ಜನ ನುಂಗಿ ಮೆಚ್ಚಿದರು. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚುತ್ತದೆಂದು ಕಂಡುಬಂದು, 2004ರಲ್ಲಿ ಕಂಪನಿಯೇ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ವಾಪಸು ಪಡೆಯಿತು. ಅದೇ ವರ್ಷ ನಮ್ಮ ಸರ್ಕಾರವೂ ಅದನ್ನು ನಿಷೇಧಿಸಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಟ್ಟಿತು. ಕೆನಡಾದಲ್ಲಿ ನಿಕೊಲಸ್ ಬೆಲಾಮಿ ಮತ್ತು ಸಂಗಡಿಗರು ಮಂಡಿ, ಸೊಂಟದ ಸವೆತದ ರೋಗಿಗಳಿಗೆಂದೇ 24 ಪ್ರಶ್ನೆಗಳ ಒಂದು ಪಟ್ಟಿ ಮಾಡಿ, ಇಂಥ ಮಾತ್ರೆಗಳ ಗುಣವನ್ನು ಅಳೆಯಲು ಬಳಸಿ, 1988ರಲ್ಲಿ ಪ್ರಕಟಿಸಿದರು. ವೊಮ್ಯಾಕ್ ಎಂದು ಅದರ ಹೆಸರು. ಮೆಟ್ಟಿಲು ಇಳಿಯುವಾಗ ಎಷ್ಟು ಕಷ್ಟ? ಹಾಸಿಗೆಯಿಂದ ಏಳುವಾಗ? ಮನೆಗೆಲಸ ಮಾಡುವಾಗ? ಉತ್ತರ ಕೊಡಬೇಕಾದವರು ಡಾಕ್ಟರಲ್ಲ, ನೋವು ಉಣ್ಣುವವರು. ಅದರಲ್ಲಿ ಕಾಲುಚೀಲ ಹಾಕಿಕೊಳ್ಳುವ ಪ್ರಶ್ನೆಯಿದೆ. ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಪಾಡು ಇಲ್ಲ. ಹೊಟ್ಟೆ ಉರಿಯ ಪ್ರಶ್ನೆಯೂ ಇಲ್ಲ. ಅದನ್ನು ಮನೆಯವರೇ ಕೇಳಬೇಕಿತ್ತು. ನಾವು ಕೇಳಿರಲಿಲ್ಲ.

ಅತ್ತೆಯ "ಪರವಾಗಿಲ್ಲ" ಸುಳ್ಳಾಗಿರಲಿಲ್ಲ. ಮಂಡಿಯ ಮಟ್ಟಿಗೆ ಅವರು ನಿಜವಾಗಿಯೂ ತೃಪ್ತರಾಗಿದ್ದರು. ಹಪ್ಪಳ ಒಣಗಿಸುವ ಸ್ವಾತಂತ್ರ್ಯಕ್ಕೆ ಹೊಟ್ಟೆಯನ್ನು ಒತ್ತೆಯಿಟ್ಟಿದ್ದರು, ಅಷ್ಟೆ.

ಆಮೇಲೆ ನೋವಿನ ಮಾತ್ರೆ ಬಿಟ್ಟು ಮುಲಾಮು ಹಚ್ಚಿದರು, ಕುರ್ಚಿಯಲ್ಲಿ ಕೂತು ಕಾಲು ನೀಡಿ ಮಡಿಸುವ ವ್ಯಾಯಾಮ ಕಲಿತರು. ನೋವು ಪೂರ್ತಿ ಹೋಗಲಿಲ್ಲ. ಹಪ್ಪಳವನ್ನು ಮಹಡಿಗೆ ಒಯ್ಯುವ ಕೆಲಸ ನನ್ನದಾಯಿತು. ಹೋಗುವ ಮುಂಚೆ ದಿನವೂ ಕೇಳುತ್ತಿದ್ದೆ: "ಮಂಡಿ ಹೇಗಿದೆ ಅತ್ತೆ? ಹೊಟ್ಟೆ ಹೇಗಿದೆ?" ಎರಡಕ್ಕೂ ಬೇರೆ ಬೇರೆ ಉತ್ತರ ಬರುವತನಕ ನಾನು ಹಪ್ಪಳದ ತಟ್ಟೆ ಎತ್ತುತ್ತಿರಲಿಲ್ಲ.