ಲೈನ್ ಸರಿಯಿಲ್ಲ: ಡಯಲ್-ಅಪ್ ಕಾಲದ ಒಂದು ದೂರಿನ ಚರಿತ್ರೆ

ದೂರವಾಣಿ ತಂತಿಯ ಮೇಲೆ ಇಂಟರ್‌ನೆಟ್ ಬರುತ್ತಿದ್ದ ಕಾಲವನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ನಮ್ಮದು. ಮೋಡೆಮ್ ಕಿರುಗುಟ್ಟಿ ಸಂಪರ್ಕ ಸಿಗುತ್ತಿತ್ತು, ಪುಟ ಅರ್ಧ ಮೂಡಿ ಅಲ್ಲೇ ನಿಂತುಬಿಡುತ್ತಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಟೆಯ ಸೈಬರ್ ಸೆಂಟರಿನಲ್ಲಿ ಕಾದವರಿಗೆ ಇದು ಗೊತ್ತು. ಸಂಪರ್ಕ ಕಡಿದಿಲ್ಲ, ದುಡ್ಡಿನ ಲೆಕ್ಕ ಓಡುತ್ತಲೇ ಇದೆ, ಪುಟ ಮಾತ್ರ ಬರುತ್ತಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಲೈನ್ ಸರಿಯಿಲ್ಲ." ಬೈಗುಳವೆಲ್ಲ ಲೈನ್‌ಮನ್‌ಗೆ. ಬಿ.ಇ. ಮುಗಿಸಿ ಇದೇ ಕ್ಷೇತ್ರಕ್ಕೆ ಬಂದ ಮೇಲೆ ನಾನು ತಿಳಿದದ್ದೇನೆಂದರೆ, ಎಷ್ಟೋ ಸಲ ತಪ್ಪು ತಂತಿಯದಾಗಿರಲಿಲ್ಲ.

ತಂತಿಯ ದೋಷವೇ ಇರಲಿಲ್ಲ ಎಂದಲ್ಲ. ಹವಾನಿಯಂತ್ರಣವಿಲ್ಲದೆ ಹಳ್ಳಿಯ ಸೆಕೆ, ದೂಳಿನಲ್ಲೂ ನಡೆಯುವ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆ ರೂಪಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಶುರುವಾದದ್ದು ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಅದನ್ನು ಕಟ್ಟಿದ್ದು ಮಾತಿಗಾಗಿ. ಮಾತಿಗೆ 300ರಿಂದ 3400 ಹರ್ಟ್ಸ್ ಸಾಕು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ಮೇಲೆ, ಮೋಡೆಮ್ ಅಂಕೆಗಳನ್ನು ಸದ್ದಾಗಿಸಿ ಇದೇ ಇಕ್ಕಟ್ಟಿನಲ್ಲಿ ನುಗ್ಗಿಸಬೇಕಾಯಿತು. ಒಳಕೋಣೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಮುಗಿಯಿತು. ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಗರಗರ ಸದ್ದು.

ಆದರೆ ಸಂಪರ್ಕವಿದ್ದೂ ಪುಟ ನಿಲ್ಲುವ ರೋಗದ ಮೂಲ ಬೇರೆ. ಕಿತ್ತೂರಿನ ಎಕ್ಸ್‌ಚೇಂಜ್ ಶುರುವಾದ ಅದೇ 1986ರ ಅಕ್ಟೋಬರಿನಲ್ಲಿ, ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಜಾಲ ಕುಸಿಯಿತು. ದೂರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಇದ್ದ ವೇಗ 40 ಬಿಟ್‌ಗೆ ಇಳಿಯಿತು. ತಂತಿಗೆ ಏನೂ ಆಗಿರಲಿಲ್ಲ! ಉತ್ತರ ಬರಲಿಲ್ಲವೆಂದು ಅದೇ ಕಾಗದವನ್ನು ಮತ್ತೆ ಮತ್ತೆ ಅಂಚೆಗೆ ಹಾಕಿದರೆ ಚೀಲವೆಲ್ಲ ಅದರಿಂದಲೇ ತುಂಬುತ್ತದಲ್ಲ, ಕಂಪ್ಯೂಟರುಗಳು ಹಾಗೆ ಮಾಡುತ್ತಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ 1988ರಲ್ಲಿ ಮದ್ದನ್ನು ಪ್ರಕಟಿಸಿದರು: ನಿಧಾನವಾಗಿ ಶುರುಮಾಡು, ಕಳಿಸಿದ್ದು ಕಳೆದುಹೋದರೆ ಕಡಿಮೆ ಕಳಿಸು, ಮತ್ತೆಯೂ ಹೋದರೆ ಪ್ರತಿ ಸಲ ಎರಡರಷ್ಟು ಹೊತ್ತು ಕಾಯಿ. ಇಂಟರ್‌ನೆಟ್ ಉಳಿದದ್ದು ಈ ತಾಳ್ಮೆಯಿಂದ. ಡಯಲ್-ಅಪ್‌ನವರಿಗೆ ಅದೇ ಕಾಟವೂ ಆಯಿತು. ಗರಗರ ನಿಂತ ಮೇಲೂ ಆ ತುದಿಯ ಕಂಪ್ಯೂಟರ್ 6 ಸೆಕೆಂಡು, 12 ಸೆಕೆಂಡು, 24 ಸೆಕೆಂಡು ಎಂದು ಕಾಯುತ್ತಾ ಕೂತಿರುತ್ತಿತ್ತು. 'ಸ್ಟಾಪ್' ಒತ್ತಿ ಪುಟವನ್ನು ಮತ್ತೆ ಕರೆದರೆ ಥಟ್ಟನೆ ಬರುತ್ತಿದ್ದುದರ ಗುಟ್ಟು ಇದು. ಹೊಸ ಸಂಪರ್ಕಕ್ಕೆ ಹಳೆಯ ಕಾಯುವಿಕೆಯ ನೆನಪಿಲ್ಲ.

ನಿಧಾನದ ತಂತಿಗೆಂದು ಜೇಕಬ್ಸನ್ 1990ರಲ್ಲಿ ಇನ್ನೊಂದು ಉಪಾಯ ಕೊಟ್ಟರು. ಪ್ರತಿ ಪ್ಯಾಕೆಟ್ಟಿನ ತಲೆಬರಹ 40 ಬೈಟ್. ಹಿಂದಿನದಕ್ಕಿಂತ ಬದಲಾದದ್ದನ್ನಷ್ಟೇ ಬರೆದರೆ ಮೂರೋ ನಾಲ್ಕೋ ಬೈಟ್ ಸಾಕು. ಜಾಣತನವೇ. ಆದರೆ ನಡುವೆ ಒಂದು ಕಳೆದರೆ ಮುಂದಿನವು ಅರ್ಥವಾಗದೆ ಕಸದ ಬುಟ್ಟಿ ಸೇರುತ್ತವೆ. ಸದ್ದಿರುವ ಲೈನಿನಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿದರೆ ಕೆಲವೊಮ್ಮೆ ಪುಟಗಳು ಸಲೀಸಾಗುತ್ತಿದ್ದವು.

ನನ್ನ ಮಟ್ಟಿಗೆ ಅತ್ಯಂತ ಕಪಟದ್ದೆಂದರೆ ಗಾತ್ರದ ದೋಷ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ದಾರಿಯಲ್ಲೆಲ್ಲೋ ಬಾಗಿಲು ಅದಕ್ಕಿಂತ ಚಿಕ್ಕದಿದ್ದರೆ, ಅಲ್ಲಿನ ರೌಟರ್ "ಹಿಡಿಸುವುದಿಲ್ಲ, ಚಿಕ್ಕದು ಕಳಿಸಿ" ಎಂದು ಹಿಂದಕ್ಕೆ ಚೀಟಿ ಕಳಿಸಬೇಕು. ಕಾವಲಿಗಿಟ್ಟ ಫೈರ್‌ವಾಲ್ ಕೆಲವೊಮ್ಮೆ ಆ ಚೀಟಿಯನ್ನೇ ಎಸೆದುಬಿಡುತ್ತದೆ. ಕಳಿಸಿದವನಿಗೆ ಸುದ್ದಿಯಿಲ್ಲ, ಅದೇ ದೊಡ್ಡ ಮೂಟೆಯನ್ನು ಮತ್ತೆ ಮತ್ತೆ ಕಳಿಸುತ್ತಾನೆ. ಪಿಂಗ್ ಮಾಡಿ ಪರೀಕ್ಷಿಸಿದರೆ ಎಲ್ಲ ಸರಿ, ಏಕೆಂದರೆ ಪಿಂಗ್ ಸಣ್ಣದು. ಸಣ್ಣ ಪುಟ ಬರುತ್ತದೆ, ದೊಡ್ಡದು ನಿಲ್ಲುತ್ತದೆ. ಬಲ್ಲವರು ನಮ್ಮ ಕಡೆಯ ಮಿತಿಯನ್ನೇ 576 ಬೈಟ್‌ಗೆ ಇಳಿಸುತ್ತಿದ್ದರು. ಆಗ ಆ ತುದಿಯವರೂ ಚಿಕ್ಕದನ್ನೇ ಕಳಿಸುತ್ತಿದ್ದರು. ಕಂಬ ಹತ್ತಿ ಇದನ್ನು ಸರಿಮಾಡಲು ಯಾವ ಲೈನ್‌ಮನ್‌ಗೆ ಸಾಧ್ಯವಿತ್ತು?

ಈ ದೋಷ ಇನ್ನೂ ಸತ್ತಿಲ್ಲ. ಮನೆಯಿಂದ ಕಚೇರಿಗೆ ವಿಪಿಎನ್ ಮೂಲಕ ಕೆಲಸ ಮಾಡುವ ಸಹೋದ್ಯೋಗಿಯೊಬ್ಬರು ಈಚೆಗೆ ಫೋನ್ ಮಾಡಿದ್ದರು. ಮನೆಗೆ ಫೈಬರ್ ಇದೆ. ಆದರೂ ಸಣ್ಣ ಮೇಲ್ ಹೋಗುತ್ತದೆ, ದೊಡ್ಡ ಕಡತ ನಿಲ್ಲುತ್ತದೆ, "ಲೈನ್ ಸರಿಯಿಲ್ಲ ಸಾರ್" ಎಂದರು. ಪಿಂಗ್‌ನ ಗಾತ್ರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ನೋಡಲು ಹೇಳಿದೆ. 1372 ಬೈಟ್‌ವರೆಗೆ ಹೋಯಿತು, ಅದರಾಚೆ ಉತ್ತರವಿಲ್ಲ.