ಇಸ್ಕೂಲಿಗೆ ಬಂದವರು ಯಾರು?

'ಇನಸ್ಪೆಟ್ರು ಬತ್ತಾರಂತೆ' ಅನ್ನೋ ಒಂದು ಮಾತಿಗೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಇಸ್ಕೂಲುಗಳು ನಡುಗುತ್ತಿದ್ದುದನ್ನು ಮೂರನೇ ಕ್ಲಾಸಿಗೇ ಬಿಟ್ಟ ನಮ್ಮಪ್ಪಂದಿರು ಇವತ್ತಿಗೂ ಹೇಳುತ್ತಾರೆ. ಅಂಗಳ ಗುಡಿಸೋದಕ್ಕೆ ನಮ್ಮ ಕೇರಿ ಐಕಳು. ಪದ್ಯ ಹೇಳೋದಕ್ಕೆ ಮುಂದಿನ ಸಾಲಿನ ಐಕಳು. ಆತ ಹಾಜರಿ ಪುಸ್ತಕ ನೋಡಿ, ರುಜು ಹಾಕಿ ಹೋಗುತ್ತಿದ್ದ. ಪಾಠ ಮಾಡುವ ದಾರಿಯನ್ನು ಮೇಷ್ಟ್ರಿಗೆ ಯಾರು ತೋರಿಸಿದರು? ಬೆತ್ತವೊಂದೇ ಅವರಿಗೆ ಗೊತ್ತಿದ್ದ ದಾರಿಯಾಗಿದ್ದರೆ ಅರ್ಧ ತಪ್ಪು ಸರ್ಕಾರದ್ದು.

ಇದು ಮುರಿದದ್ದು ನಮ್ಮ ಪಕ್ಕದಲ್ಲೇ. ಬಂಡೀಪುರದ ಕಾಡಿನ ಆಚೆ ಮಗ್ಗುಲು ಹೆಗ್ಗಡದೇವನಕೋಟೆ. 1995ರಲ್ಲಿ ಅಲ್ಲಿಯ ಸರ್ಕಾರಿ ಶಾಲೆಗಳ ಕೆಲವು ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ಕಣ್ಣಾರೆ ನೋಡಿ ಬಂದರು. ಯುನಿಸೆಫ್ ನೆರವಿತ್ತು, ನಿಜ. ಆದರೆ ಕಲಿಕೆಯ ಕಾರ್ಡುಗಳನ್ನು ಕಟ್ಟಿದವರು ಪಾಠ ಮಾಡುವ ಮೇಷ್ಟ್ರುಗಳೇ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ, ಸೇರಿ ಮಾತಾಡಿ, ತಿದ್ದಿದರು. ಅದೇ ನಲಿ-ಕಲಿ. ಐದು ತಟ್ಟೆ, ತಟ್ಟೆಯ ಸುತ್ತ ನೆಲದ ಮೇಲೆ ಮಕ್ಕಳು. ಸುತ್ತ ಕೂತರೆ ಹಿಂದಿನ ಸಾಲೆಲ್ಲಿ?

ಅದೇ ದಶಕದಲ್ಲಿ ಡಿ.ಪಿ.ಇ.ಪಿ. ಯೋಜನೆ ಬಂತು. 1997ರಲ್ಲಿ ನಮ್ಮದು ಮೈಸೂರಿಂದ ಬೇರೆ ಜಿಲ್ಲೆಯಾಯಿತು. ಕ್ಲಸ್ಟರಿಗೊಬ್ಬರು ಸಿ.ಆರ್.ಪಿ. ಆತನೂ ಮೇಷ್ಟ್ರೇ, ಸಾಹೇಬನಲ್ಲ. ತರಗತಿಯಲ್ಲಿ ಕೂತು ನೋಡಿ, ಜೊತೆಗೆ ನಿಂತು ತಿದ್ದಬೇಕಾದವನು. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕೋಟೆಯವರು ತಾವೇ ಹುಡುಕಿಕೊಂಡದ್ದು ಉಳಿದವರಿಗೆ ಆದೇಶವಾಗಿ ಬಂತು. ಕಾರ್ಡು ಬಂತು, ಕಾರ್ಡು ಕಟ್ಟುವಾಗಿನ ಜಗಳ, ಮಾತು, ಖುಷಿ ಬರಲಿಲ್ಲ.

ಈಗ ಸಿ.ಆರ್.ಪಿ.ಯ ಕೈಯಲ್ಲಿ ಮೊಬೈಲು. ಮೊಟ್ಟೆ ಎಷ್ಟು, ಶೂ ಎಷ್ಟು, ಆಧಾರ್ ಎಷ್ಟು? ಸಂಜೆಯೊಳಗೆ ಮಾಹಿತಿ ಕೊಡಬೇಕು. ಇನಸ್ಪೆಟ್ರ ಹಾಜರಿ ಪುಸ್ತಕವೇ ವಾಟ್ಸ್ಯಾಪಿಗೆ ಬಂದು ಕೂತಿದೆ. ಮನೆಯಲ್ಲಿ ಹೇಳಿಕೊಡೋರಿಲ್ಲದ, ಟ್ಯೂಷನ್ ಕಾಣದ ಐಕಳಿಗೆ ಮೇಷ್ಟ್ರು ಬಿಟ್ಟರೆ ಗತಿಯಿಲ್ಲ. ಡಿಗ್ರಿ ಮುಖ ಮೊದಲು ಕಂಡ ಮನೆಗಳ ನಮಗೆ ಇದು ಗೊತ್ತು. ಮೇಷ್ಟ್ರಿಗೆ ಕಲಿಸುವವರು ಯಾರು ಅಂತ ನಮ್ಮ ಕೇರಿಯೇ ಕೇಳಬೇಕು.

ಗುಂಡ್ಲುಪೇಟೆ ಕಡೆಯ ಒಂದು ಶಾಲೆಯಲ್ಲಿ ನಾವೊಂದು ದಿನ ಕಂಡದ್ದು ಹೀಗೆ. ಸಿ.ಆರ್.ಪಿ. ಮೊಬೈಲು ಜೇಬಿಗೆ ಹಾಕಿ, ನಮ್ಮ ಕೇರಿಯ ಹುಡುಗಿಯ ಪಕ್ಕ ನೆಲದ ಮೇಲೆ ಅರ್ಧ ಗಂಟೆ ಕೂತ. ಆಮೇಲೆ ಮೇಡಂ ಹತ್ತಿರ ಮೆಲ್ಲಗೆ ಹೇಳಿದ: "ಈ ಮಗ ಅಕ್ಷರ ಓದ್ತಾ ಇಲ್ಲ ಮೇಡಂ, ಚಿತ್ರ ನೋಡ್ಕಂಡು ಹೇಳ್ತಾ ಅದೆ. ನಾಳಿದ್ದು ಈ ಪಾಠ ನಾನು ಮಾಡ್ತಿನಿ, ನೀವು ಇಲ್ಲಿ ಕೂತ್ಕಂಡು ನೋಡಿ. ನಾನು ತಪ್ಪಿದ್ರೆ ಹೇಳಿ."