ಜುಮಾ ಮುಗಿದ ಮೇಲೆ: ರಜೆಯಿಂದ ದುಡಿಮೆಗೆ ಮರಳುವ ಚರಿತ್ರೆ

ರಂಜಾನ್ ಹಬ್ಬ ಗುರುವಾರ ಬಂತೆಂದರೆ ಚಚಡಿಯಂಥ ಊರುಗಳಲ್ಲಿ ರಜೆ ಸೋಮವಾರದವರೆಗೂ ಬೆಳೆಯುತ್ತದೆ. ಹಬ್ಬದ ದಿನ ಈದ್‌ಗಾಹ್, ಶೀರ್‌ಖುರ್ಮಾ, ಮರುದಿನ ಜುಮಾ, ಶನಿವಾರ ಬೀಗರ ಊರು, ಭಾನುವಾರ ಮೈಭಾರ. ಸೋಮವಾರ ನಸುಕಿನಲ್ಲಿ ಪುಣೆಗೋ ಗೋವಾಕ್ಕೋ ಕೆಲಸಕ್ಕೆ ಹೊರಡಬೇಕಾದ ಮಗ "ಇನ್ನೊಂದು ದಿನ ಇದ್ದು ಹೋಗತೇನವ್ವಾ" ಎನ್ನುತ್ತಾನೆ. ಕೇಳುವುದಕ್ಕೆ ಸಣ್ಣ ಮಾತು. ಆದರೆ ದಿನಗೂಲಿಯ ಮನೆಯಲ್ಲಿ ಆ ಇನ್ನೊಂದು ದಿನಕ್ಕೂ ಬೆಲೆಯಿದೆ. ಹಬ್ಬಕ್ಕೆ ಉದ್ರಿ ತಂದ ಬಟ್ಟೆಯ ಬಾಕಿ ಆ ಕೂಲಿಯಿಂದಲೇ ತೀರಬೇಕು.

ರಜೆಯ ಬೆನ್ನಿಗೆ ಬರುವ ಈ ಜಡತ್ವದ ಬಗ್ಗೆ ನಮ್ಮ ಧರ್ಮ ಮತ್ತು ನಮ್ಮ ಚರಿತ್ರೆ ಏನು ಹೇಳುತ್ತವೆ ಎಂದು ನೋಡೋಣ.

ಪವಿತ್ರ ಕುರ್‌ಆನಿನ 62ನೇ ಸೂರಾಕ್ಕೆ ಅಲ್‌ ಜುಮುಅ ಎಂದೇ ಹೆಸರು. ಅದರ 9ನೇ ಆಯತ್ ಜುಮಾದ ಕರೆ ಕೇಳಿದೊಡನೆ ವ್ಯಾಪಾರ ಬಿಟ್ಟು ಬರಬೇಕೆಂದು ಆಜ್ಞಾಪಿಸುತ್ತದೆ. ಇದು ನಮಗೆಲ್ಲ ಗೊತ್ತು. ಮರುಆಯತ್ತನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಮಾಜ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಬೇಕು, ಆಗಲೂ ಅವನನ್ನು ಬಹಳವಾಗಿ ಸ್ಮರಿಸುತ್ತಿರಬೇಕು ಎಂಬುದು ಅದರ ಬೋಧನೆ. ಕೆಲಸ ಬಿಟ್ಟು ಬರಲು ಹೇಳಿದವನೇ ಕೆಲಸ ಅರಸಿ ಹೊರಡುವುದನ್ನೂ ಹೇಳಿಕೊಟ್ಟಿದ್ದಾನೆ.

11ನೇ ಆಯತ್ತಿನ ಹಿಂದೆ ಒಂದು ಘಟನೆಯಿದೆ. ಮದೀನಾದಲ್ಲಿ ಒಂದು ಜುಮಾದ ದಿನ ಸರಕು ಹೊತ್ತ ಒಂಟೆಗಳ ಸಾಲು ಬಂತು. ಪ್ರವಾದಿಯವರನ್ನು (ಸ) ಬಿಟ್ಟು ಜನ ಅತ್ತ ಓಡಿದರು. ಉಳಿದವರು 12 ಮಂದಿ ಮಾತ್ರ ಎಂದು ಹಜ್ರತ್ ಜಾಬಿರ್ (ರ) ತಿಳಿಸಿದ್ದು ಬುಖಾರಿಯಲ್ಲಿದೆ. ಆಯತ್ ಅವರನ್ನು ಎಚ್ಚರಿಸಿತು. ವ್ಯಾಪಾರವನ್ನು ಮಾತ್ರ ನಿಷೇಧಿಸಲಿಲ್ಲ. ತಪ್ಪಿದ್ದದ್ದು ಹೊತ್ತು.

ಆದ್ದರಿಂದಲೇ ಶುಕ್ರವಾರ ನಮಗೆ ಯಹೂದಿಗಳ ಶನಿವಾರದಂತೆ ಕೆಲಸ ನಿಷಿದ್ಧವಾದ ದಿನವಲ್ಲ. ಜುಮಾದ ದಿನ ಬೇಕೆಂದೇ ದುಡಿಮೆ ಬಿಡುವುದನ್ನು ಮದೀನಾದ ಇಮಾಮ್ ಮಾಲಿಕ್ (ರಹ್) ಮೆಚ್ಚಲಿಲ್ಲ. ಇರಾಕ್ ಬಿನ್ ಮಾಲಿಕ್ ಎಂಬ ಹಿರಿಯರು ಜುಮಾ ಮುಗಿಸಿ ಮಸೀದಿಯ ಬಾಗಿಲಲ್ಲಿ ನಿಂತು ದುಆ ಮಾಡುತ್ತಿದ್ದರೆಂದು ಇಬ್ನ್ ಕಸೀರ್ ತಮ್ಮ ತಫ್ಸೀರಿನಲ್ಲಿ ಬರೆದಿದ್ದಾರೆ. ಕರೆಗೆ ಓಗೊಟ್ಟೆ, ನಮಾಜ್ ಮಾಡಿದೆ, ನಿನ್ನ ಆಜ್ಞೆಯಂತೆ ಹೊರಟಿದ್ದೇನೆ, ಇನ್ನು ನಿನ್ನ ಅನುಗ್ರಹದಿಂದ ಕೊಡು ಎಂಬುದು ಆ ದುಆದ ಸಾರ. ಹಬ್ಬದ ಮರುದಿನ ಚೀಲ ಹೆಗಲಿಗೇರಿಸುವವನಿಗೆ ಇದಕ್ಕಿಂತ ಒಳ್ಳೆಯ ದುಆ ಬೇಕೆ?

ಈಗ ನಮ್ಮ ನಾಡಿನ ಚರಿತ್ರೆಗೆ ಬರೋಣ. ಇಂದು ನಾವು ಸಲೀಸಾಗಿ ಅನುಭವಿಸುವ ವಾರದ ರಜೆ ಪುಕ್ಕಟೆ ಬಂದದ್ದಲ್ಲ. 19ನೇ ಶತಮಾನದ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕರು ಬೆಳಗಿನಿಂದ ಸೂರ್ಯ ಮುಳುಗುವವರೆಗೆ ದುಡಿಯುತ್ತಿದ್ದರು. ವಾರಕ್ಕೊಂದು ನಿಶ್ಚಿತ ರಜೆ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರನ್ನು ಸೇರಿಸಿ ರಜೆಯ ಬೇಡಿಕೆ ಇಟ್ಟರು. ಆರು ವರ್ಷಗಳ ಪ್ರಯತ್ನದ ಬಳಿಕ, 1890ರ ಜೂನ್ 10ರಂದು, ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಾನೂನಾಗಿಸಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯೂ 1880ರ ದಶಕದ್ದೇ. ಸ್ವತಂತ್ರ ಭಾರತದ 1948ರ ಕಾಯ್ದೆಯೂ ಕಾರ್ಖಾನೆ ಕಾರ್ಮಿಕರ ಈ ಹಕ್ಕನ್ನು ಉಳಿಸಿಕೊಂಡಿತು.

ಗಿರಣಿಗೆ ಮೊದಲೇ ನಮ್ಮ ಹೊಲಗಳಲ್ಲೊಂದು ರಜೆಯಿತ್ತು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆ ಸೋಮವಾರ ಗಳೆ ಹೂಡದ ರೂಢಿ ಹಳೆಯದು. ಎತ್ತಿಗೆ ಅಂದು ವಿಶ್ರಾಂತಿ. ಮಂಗಳವಾರ ನಸುಕಿನಲ್ಲಿ ಅದೇ ಎತ್ತು ನೊಗಕ್ಕೆ ಕೊರಳು ಕೊಡುತ್ತದೆ. ಮೂಕಪ್ರಾಣಿಯ ದಣಿವನ್ನು ಅರಿತ ಹಿರಿಯರಿಗೆ ರಜೆ ಎಲ್ಲಿ ಮುಗಿಯಬೇಕೆಂಬುದೂ ಗೊತ್ತಿತ್ತು.

ಸೋಮವಾರದ ಸೋಮಾರಿತನ ನಮ್ಮವರಿಗೆ ಮಾತ್ರ ಅಂಟಿದ್ದಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಭಾನುವಾರ ಕುಡಿದು ಕುಣಿದ ಕುಶಲಕರ್ಮಿಗಳು ಸೋಮವಾರ ಕೆಲಸಕ್ಕೆ ಬರುತ್ತಿರಲಿಲ್ಲ. ಆ ಗೈರುಹಾಜರಿಯನ್ನು ತಮಾಷೆಗೆ 'ಸಂತ ಸೋಮವಾರ' ಎಂದು ಕರೆಯುತ್ತಿದ್ದರು!

ಹಾಗಾದರೆ ಉತ್ಸಾಹ ಕುಗ್ಗುವುದು ಪಾಪವೇ? ಅಲ್ಲ. ಪ್ರತಿಯೊಂದು ಕೆಲಸಕ್ಕೂ ಒಂದು ಹುರುಪಿನ ಕಾಲ, ಆ ಹುರುಪಿನ ಬಳಿಕ ಒಂದು ಇಳಿತದ ಕಾಲ ಇರುತ್ತದೆಂದು ಪ್ರವಾದಿಯವರು (ಸ) ತಿಳಿಸಿದ್ದಾರೆ. ಇಳಿತದಲ್ಲೂ ಸುನ್ನತ್ತಿನ ಹಾದಿ ಬಿಡದವನೇ ಸರಿದಾರಿಯಲ್ಲಿರುವವನು. ತಮ್ಮ ಮನಸ್ಸು ಪ್ರವಾದಿಯವರ ಸನ್ನಿಧಿಯಲ್ಲಿ ಒಂದು ಬಗೆ, ಹೆಂಡತಿ ಮಕ್ಕಳ ನಡುವೆ ಇನ್ನೊಂದು ಬಗೆ ಎಂದು ಹಜ್ರತ್ ಹಂಜಲಾ (ರ) ಕಳವಳಪಟ್ಟರು. ಒಂದು ಹೊತ್ತು ಹೀಗೆ, ಒಂದು ಹೊತ್ತು ಹಾಗೆ ಎಂದು ಪ್ರವಾದಿಯವರು (ಸ) ಅವರನ್ನು ಸಮಾಧಾನಪಡಿಸಿದರು. ಮುಸ್ಲಿಮ್ ಗ್ರಂಥದ ಈ ಹದೀಸ್ ಮನುಷ್ಯನ ಸ್ವಭಾವವನ್ನು ಕರುಣೆಯಿಂದ ನೋಡುತ್ತದೆ. ಆದರೂ ಅಸಹಾಯಕತೆ ಮತ್ತು ಸೋಮಾರಿತನದಿಂದ ಪ್ರವಾದಿಯವರು (ಸ) ಅಲ್ಲಾಹನ ಅಭಯ ಬೇಡುತ್ತಿದ್ದರು. ಅಂದರೆ ಇಳಿತ ಸಹಜ, ಅಲ್ಲೇ ಮನೆ ಮಾಡುವುದು ಸರಿಯಲ್ಲ.

ಏಳುವುದು ಹೇಗೆ? ಹಜ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಎಲ್ಲ ಬಿಟ್ಟು ಮದೀನಾಕ್ಕೆ ಬಂದಾಗ ಹಜ್ರತ್ ಸಅದ್ ಬಿನ್ ರಬೀಅ್ (ರ) ತಮ್ಮ ಅರ್ಧ ಸಂಪತ್ತನ್ನೇ ಕೊಡಲು ಮುಂದಾದರು. ಅವರು ದುಆ ಮಾಡಿ, ಪೇಟೆಯ ದಾರಿ ಕೇಳಿದರು. ಗಿಣ್ಣು ಮತ್ತು ತುಪ್ಪದ ಸಣ್ಣ ವ್ಯಾಪಾರದಿಂದ ಶುರುಮಾಡಿ ಮುಂದೆ ದೊಡ್ಡ ವರ್ತಕರಾದರು. ಹಜ್ರತ್ ಸಖ್ರ್ (ರ) ತಮ್ಮ ಸರಕನ್ನು ಬೆಳಗಿನ ಮೊದಲ ಹೊತ್ತಿನಲ್ಲೇ ಕಳುಹಿಸಿ ಸಿರಿವಂತರಾದರು; ಆ ಹೊತ್ತಿನ ಬರಕತ್ತಿಗಾಗಿ ಪ್ರವಾದಿಯವರೇ (ಸ) ದುಆ ಮಾಡಿದ್ದರು. ಮೊದಲ ದಿನವೇ ಬೆಟ್ಟ ಹೊರಬೇಕಾಗಿಲ್ಲ. ಹಿಂದಿನ ರಾತ್ರಿ ಬೇಗ ಮಲಗಿ, ಫಜ್ರ್ ತಪ್ಪಿಸದೆ, ಅರ್ಧಕ್ಕೆ ಬಿಟ್ಟ ಒಂದು ಸಣ್ಣ ಕೆಲಸಕ್ಕೆ ಕೈಹಾಕಿದರೆ ಸಾಕು. ಸ್ವಲ್ಪವಾದರೂ ನಿರಂತರ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ.

ಇನ್ನೊಂದು ಮಾತು ಗಂಡಸರಿಗೆ. ನೀವು ನಾಲ್ಕು ದಿನ ವಿಶ್ರಾಂತಿ ಪಡೆದು ಬೇಸರಗೊಂಡಿರುವಾಗ, ಒಲೆಯ ಮುಂದೆ ನಿಂತ ತಾಯಿ, ಅಕ್ಕ, ಹೆಂಡತಿಗೆ ರಜೆಯೇ ಸಿಕ್ಕಿಲ್ಲ. ಪ್ರವಾದಿಯವರು (ಸ) ಮನೆಗೆಲಸಕ್ಕೆ ಕೈಜೋಡಿಸುತ್ತಿದ್ದರೆಂದು ಹಜ್ರತ್ ಆಯಿಶಾ (ರ) ತಿಳಿಸಿದ್ದಾರೆ. ಕೆಲಸಕ್ಕೆ ಹೊರಡುವ ಮುನ್ನ ಹಬ್ಬದ ಪಾತ್ರೆಗಳನ್ನು ತೊಳೆದುಕೊಟ್ಟು ಹೋದರೆ ಅವರಿಗೂ ಒಂದು ಬೆಳಗಿನ ಬಿಡುವು ಸಿಗುತ್ತದೆ. ಕೆಲಸಗಾರರನ್ನು ಇಟ್ಟುಕೊಂಡವರು ಹಬ್ಬದಿಂದ ಮರಳಿದವನನ್ನು ಮೊದಲ ದಿನವೇ ಗದರದೆ ಸಲಾಮ್ ಹೇಳಿ ಬರಮಾಡಿಕೊಳ್ಳಲಿ.

ಅಲ್ಲಾಹನು ನಮ್ಮ ವಿಶ್ರಾಂತಿಯಲ್ಲೂ ದುಡಿಮೆಯಲ್ಲೂ ಬರಕತ್ ನೀಡಲಿ, ಹಲಾಲ್ ಗಳಿಕೆಗೆ ಹೊರಟ ನಮ್ಮ ಮಕ್ಕಳ ಪಯಣವನ್ನು ಸುಗಮಗೊಳಿಸಲಿ. ಆಮೀನ್.